ಪುಡಿ ಸಿಗದ ಹಂದಿಗಳು

ಸೆಕೆಗೆ ಹಂದಿಗಳ ಜೀರ್ಣಶಕ್ತಿ ಕುಂದುತ್ತದೆ, ಅಮೈನೋ ಆಮ್ಲದ ಪುಡಿ ಬೆರೆಸಿ ಕೊಟ್ಟರೆ ಮೈಕೈ ತುಂಬಿಕೊಳ್ಳುತ್ತವೆ ಎಂದು ರುಜುವಾತು ಮಾಡಲು ಪಶುವೈದ್ಯ ಹೊರಟಿದ್ದ. ಸೆವ್ರಿನ್ ಬಾಯಮ್ಮನ ಎಡಗೂಡಿನ ಹಂದಿಗಳಿಗೆ ಪುಡಿ, ಬಲಗೂಡಿನವಕ್ಕೆ ಬರೀ ಮುಸುರೆ. ಬೇಸಿಗೆಯಿಡೀ ದಿನಾ ಬಂದು ವಿಚಾರಿಸಿದ. ಕೊನೆಗೆ ತೂಗಿ ನೋಡಿದರೆ ಎರಡೂ ಕಡೆಯವು ಒಂದೇ ಸಮ ಕೊಬ್ಬಿದ್ದವು.

"ಬಲಗೂಡಿಗೂ ಪುಡಿ ಹಾಕಿದ್ರಾ ಬಾಯಮ್ಮ?"

"ಮತ್ತೆ? ಒಬ್ಬರಿಗೆ ಬಡಿಸಿ ಇನ್ನೊಬ್ಬರನ್ನು ಸುಮ್ಮನೆ ಕೂರಿಸುದಾ? ನನ್ನಿಂದ ಆಗುದಿಲ್ಲ ಮಾರಾಯ್ರೆ. ಅವಕ್ಕೇನು ಸೆಕೆ ಇಲ್ವಾ?"

ವೈದ್ಯ ಜಗಲಿಯಲ್ಲಿ ಕುಸಿದು ಕೂತ. ಈಚೆಗೆ ಬಿಗಿಯಾಗಿದ್ದ ಅಂಗಿಯ ಗುಂಡಿಯೊಂದು ಹೊಟ್ಟೆಯ ಮೇಲಿಂದ ಟಪ್ಪನೆ ಹಾರಿತು. ಬಾಯಮ್ಮ ಎಂದಿನಂತೆ ತಂದುಕೊಟ್ಟ ಮಜ್ಜಿಗೆಯನ್ನು ಸಿಟ್ಟಿನಲ್ಲೇ ಗಟಗಟ ಕುಡಿದ.

"ಈ ಪುಡಿಯ ಗುಣ ಇನ್ನು ಯಾರನ್ನು ತೋರಿಸಿ ಹೇಳಲಿ?"

ಬಾಯಮ್ಮ ಗುಂಡಿಯನ್ನು ಹೆಕ್ಕಿ ಅವನ ಕೈಗಿಟ್ಟಳು.

"ನಿಮ್ಮ ಮಜ್ಜಿಗೆಗೂ ದಿನಾ ಒಂದು ಚಮಚ ಹಾಕ್ತಿದ್ದೆನಲ್ಲ, ಡಾಕ್ಟ್ರೇ."