ಫ್ರಿಜ್ಜಿನ ಕಾಲ ಕೆಳಗಿನ ತುಂಡು

ನನ್ನ ಈಗಿನ ಫ್ರಿಜ್ ಸದ್ದೇ ಮಾಡುವುದಿಲ್ಲ. ಮಸ್ಕಿಯ ಹಳೇ ಓಣಿಯ ನಮ್ಮ ಮನೆಯದು ದಿನವಿಡೀ ಗಡಗಡಿಸುತ್ತಿತ್ತು. ಒಂದು ದಿನ ಅವ್ವ ತಾನು ಕಲಿಸುತ್ತಿದ್ದ ಬಳಗಾನೂರಿನ ಶಾಲೆಗೆ ರಜೆ ಹಾಕಿ ಮೆಕ್ಯಾನಿಕ್‌ನನ್ನು ಕರೆಸಿದಳು. ಅವನಿಗೆ ಮೀಸೆಯಿತ್ತೋ, ಈಗ ನಾನೇ ಅಂಟಿಸುತ್ತಿದ್ದೇನೋ, ತಿಳಿಯದು.

“ಟೀಚರ್ರೀ, ಮಿಷನ್ ಚಲೋ ಐತ್ರಿ. ನಿಮ್ಮ ನೆಲದ ಪರಸಿ ಕಲ್ಲು ಏರುತಗ್ಗು ಅದಾವ,” ಎಂದು ನಕ್ಕು ಅವನು ಫ್ರಿಜ್ಜಿನ ಕಾಲ ಕೆಳಗೆ ಕಟ್ಟಿಗೆ ತುಂಡು ಇಟ್ಟ. ಸದ್ದು ನಿಂತಿತು. ಮಧ್ಯಾಹ್ನವೆಲ್ಲ ಅವ್ವ ನನ್ನ ತಲೆ ಬಾಚುತ್ತ ಕುಳಿತಳು. ಅವಳು ನೀರಿಗೆ ಹೋದಾಗ ಆ ತುಂಡನ್ನು ಎಳೆದು ಅಡಗಿಸಿದೆ.

“ಮತ್ತ ಕೆಟ್ಟೈತಿ. ನಾಳೀನೂ ರಜಾ ಹಾಕಬೇ ಯವ್ವಾ.”

“ದಿನಾ ಯಾರು ಕೊಡ್ತಾರ ರಜಾ? ಒದರಲಿ ಬಿಡು.”

ಮರುದಿನ ಅವಳು ಬಸ್ಸಿಗೆ ಹೋದಳು. ನಾನು ಶಾಲೆಯಿಂದ ಬಂದು, ಬೀಗ ತೆಗೆದು, ತುಂಡನ್ನು ಮತ್ತೆ ಅಲ್ಲೇ ಇಟ್ಟೆ. ಮನೆ ತೀರಾ ಸುಮ್ಮನಾಯಿತು. ತುಂಡನ್ನು ಮತ್ತೆ ಎಳೆದುಬಿಟ್ಟೆ.