ಚೇಳಿನ ಲೇಖನ

ಚೇಳು ಕಡಿದ ಇನ್ನೂರು ಮಂದಿಯನ್ನು ಮೂರು ವರ್ಷ ಉಪಚರಿಸಿ, ಡಾಕ್ಟರ್ ವಾರಿಜಾ ಲೇಖನವೊಂದನ್ನು ಬರೆದು ಮುಗಿಸಿದಳು. ಅವಳ ಬಡ್ತಿಗೆ ಅದೊಂದೇ ಆಸರೆ. ವೈದ್ಯಕೀಯ ಪತ್ರಿಕೆಗೆ ಕಳಿಸುವ ಮುನ್ನ ವಿಭಾಗದ ಮುಖ್ಯಸ್ಥರ ಪಾದಕ್ಕೆ ಒಪ್ಪಿಸುವುದು ಆ ಕಾಲೇಜಿನ ಸಂಪ್ರದಾಯ.

ಅವರು ಲೇಖನ ಓದಲಿಲ್ಲ. ಲೇಖಕರ ಹೆಸರಿನ ಸಾಲನ್ನು ಮಾತ್ರ ಭಕ್ತಿಯಿಂದ ಓದಿದರು. ಅವಳ ಹೆಸರು ಹೊಡೆದುಹಾಕಿ ತಮ್ಮದನ್ನು ಬರೆದರು, ಆಮೇಲೆ ಪ್ರಿನ್ಸಿಪಾಲರದು, ಆಮೇಲೆ ಕಣ್ಣಿನ ಡಾಕ್ಟರಾದ ತಮ್ಮ ಅಳಿಯನದು.

"ಸರ್, ನಿಮ್ಮ ಅಳಿಯಂದಿರು ಚೇಳು ನೋಡ್ಯಾರೇನ್ರಿ?"

"ನೋಡೂದ ಅವರ ಕಸುಬು ಅಲ್ಲೇನವಾ?"

"ಮತ್ತ ನನ್ನ ಹೆಸರು?"

ಅವರು ಹಾಳೆ ತಿರುವಿ ಬೆರಳಿಟ್ಟರು. "ಕಡೀ ಪುಟದಾಗ, ಆಧಾರದ ಪಟ್ಟಿಯೊಳಗ ಐತಲ್ಲ! ಹಳೇ ಕಾಲೇಜಿನಾಗಿದ್ದಾಗ ನೀ ಚೇಳಿನ ಮ್ಯಾಲ ಬರೆದ ಲೇಖನ ಅಲ್ಲಿ ಐತಿ. ಅಷ್ಟು ಪುಣ್ಯ ಸಾಕು ಬಿಡು."

ವಾರಿಜಾ ಕೈಮುಗಿದು ಹೊರಬಂದಳು.

ತಿಂಗಳೊಪ್ಪತ್ತಿನಲ್ಲಿ ಪತ್ರಿಕೆಯ ಸಂಪಾದಕರಿಂದ ಅವಳಿಗೊಂದು ಇ-ಮೇಲ್ ಬಂತು: "ಚೇಳು ಕಡಿದ ಇನ್ನೂರು ಮಂದಿಯ ಕುರಿತು ಲೇಖನವೊಂದು ಬಂದಿದೆ. ನಿಯಮದಂತೆ ಲೇಖಕರ ಹೆಸರು ಮುಚ್ಚಿದ್ದೇವೆ. ಅದರ ಆಧಾರಪಟ್ಟಿಯಲ್ಲಿ ನಿಮ್ಮ ಹೆಸರು ಕಂಡೆವು. ಈ ವಿಷಯ ನಿಮ್ಮಷ್ಟು ಬಲ್ಲವರು ಬೇರೆ ಸಿಗಲಿಲ್ಲ. ಪ್ರಕಟಿಸಬಹುದೋ ಬೇಡವೋ, ದಯವಿಟ್ಟು ನೀವೇ ತೀರ್ಪು ಕೊಡಿ."