ನಾಲ್ಕು ಗಂಟೆಯ ಲೈನು

ಗೋಡೆಯ ಸಾಕೆಟ್ಟಿಗೆ ಫೋನಿನ ವೈರು ಚುಚ್ಚಿದ್ದೇ ತಡ, ಹಳೇ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಚಟ್ ಅಂತ ಸದ್ದಾಯಿತು. ಹಿಂದೆಯೇ ಸುಟ್ಟ ವಾಸನೆ. ಅವಳು ವೈರು ಕಿತ್ತಳು, ಏನು ಬಂತು? ಆಗಬೇಕಾದ್ದು ಆಗಿಹೋಗಿತ್ತು. ಸಾಕೆಟ್ಟಿನ ಮೇಲೆ ಅವಳದೇ ಕೈಬರಹದ ಚೀಟಿ ಅಂಟಿತ್ತು: ‘ಇದು ಆಫೀಸಿನ ಡಿಜಿಟಲ್ ಲೈನು. ಮೋಡೆಮ್ ಹಾಕಬೇಡಿ, ಸುಟ್ಟುಹೋಗುತ್ತದೆ.’ ಆಫೀಸಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವಳು ಅವಳು. ಏಳು ವರ್ಷದಿಂದ ಕಂಡಕಂಡವರಿಗೆಲ್ಲ ಈ ಬುದ್ಧಿ ಹೇಳಿಕೊಂಡು ಬಂದವಳೂ ಅವಳೇ.

ಅಷ್ಟಕ್ಕೂ ಅಪ್ಪನ ಆ ಲ್ಯಾಪ್‌ಟಾಪಿಗೆ ಮೊದಲು ಏನೂ ಆಗಿರಲಿಲ್ಲ. ನಿಧಾನ, ಅಷ್ಟೇ. ಅವಳ ಅಪ್ಪನಿಗೆ ಕಿವಿ ಕೇಳಿಸದು. ದೊಡ್ಡಪ್ಪನಿಗೆ ಗಂಟಲಿನ ಆಪರೇಷನ್ ಆದಮೇಲೆ ಮಾತು ಹೋಗಿದೆ. ಅಪ್ಪ ಇಲ್ಲಿ, ದೊಡ್ಡಪ್ಪ ತಿಂಗಳಿಗೊಂದು ಹಡಗು ಹೋಗುವ ದ್ವೀಪದಲ್ಲಿ. ಅಲ್ಲಿ ಮೊಬೈಲೂ ಇಲ್ಲ, ಇಂಟರ್ನೆಟ್ಟೂ ಇಲ್ಲ, ಇರುವುದೊಂದು ಫೋನಿನ ತಂತಿ. ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ಅಪ್ಪ ಲ್ಯಾಪ್‌ಟಾಪಿನಿಂದ ತನ್ನ ಅಣ್ಣನ ಕಂಪ್ಯೂಟರಿಗೆ ಡಯಲ್ ಮಾಡುವುದು, ಆಮೇಲೆ ಇಬ್ಬರೂ ಕೂತು ಟೈಪು ಮಾಡುತ್ತ ಒಂದು ಗಂಟೆ ಹರಟೆ, ಜಗಳ, ನಗು. ಹನ್ನೊಂದು ವರ್ಷ ಹಾಗೇ ನಡೆದಿತ್ತು.

ಮೂರು ವಾರದ ಹಿಂದೆ ಇವಳಿಗೆ ಸುಮ್ಮನಿರಲಾಗಲಿಲ್ಲ. ಹೊಸದರ ಹಾಗೆ ಮಾಡಿಕೊಡ್ತೀನಿ ಅಪ್ಪಾ ಎಂದು ಬರೆದು ತೋರಿಸಿ, ಇದ್ದದ್ದನ್ನೆಲ್ಲ ಅಳಿಸಿ ಲಿನಕ್ಸ್ ಅನ್ನುವ ಬೇರೆ ಸಿಸ್ಟಮ್ಮು ಹಾಕಿದಳು. ಲ್ಯಾಪ್‌ಟಾಪು ಕುದುರೆ ಹಾಗೆ ಓಡಿತು, ಫೋನಿನ ತಂತಿಯ ಮೇಲೆ ಕಂಪ್ಯೂಟರನ್ನು ಮಾತಾಡಿಸುವ ಒಳಗಿನ ಮೋಡೆಮ್ ಮಾತ್ರ ತೆಪ್ಪಗೆ ಕೂತಿತು. ಹಾಳಾದ್ದು ಅದು ಅರ್ಧ ಮೋಡೆಮ್ಮು. ಉಳಿದರ್ಧ ಕೆಲಸ ಸಾಫ್ಟ್‌ವೇರ್ ಮಾಡಬೇಕು. ಲಿನಕ್ಸಿಗೆ ಅದನ್ನು ಬರೆದವರು ಯಾವ ಕಾಲಕ್ಕೋ ಕೈತೊಳೆದುಕೊಂಡು ಎದ್ದುಹೋಗಿದ್ದರು. ಹಳೆಯದನ್ನೇ ತಿರುಗಿ ಹಾಕೋಣವೆಂದರೆ ಅದರ ಸೀಡಿ ಮನೆಯೆಲ್ಲ ಜಾಲಾಡಿದರೂ ಸಿಗಲಿಲ್ಲ. ಬೇರೆ ಮೋಡೆಮ್ ಕೇಳಿದ್ದಕ್ಕೆ ಅಂಗಡಿಯವರು ಅವಳ ಮುಖ ನೋಡಿ ನಕ್ಕರು. ಹೀಗೆ ಎರಡು ಭಾನುವಾರ ಕಳೆದವು. ಶುಕ್ರವಾರ ದೊಡ್ಡಮ್ಮನ ಫೋನು ಬಂತು.

“ತಮ್ಮನಿಗೆ ಏನೋ ಹೇಳಬೇಕಂತೆ ಕಣೇ. ಬರೆದು ಬರೆದು ತೋರಿಸ್ತಾರೆ, ನನಗೆ ಓದೋಕೆ ಬರಲ್ಲ. ಪಕ್ಕದ ಮನೆಯವರನ್ನ ಕರೀತೀನಿ ಅಂದ್ರೆ ಚೀಟಿ ಹರಿದು ಹಾಕ್ತಾರೆ. ಈ ಭಾನುವಾರ ಹೇಗಾದ್ರೂ ಮಾಡಮ್ಮ. ಡಾಕ್ಟರು ಮುಂದಿನ ವಾರದ ಮಾತೇ ಎತ್ತುತ್ತಾ ಇಲ್ಲ.”

ಅದಕ್ಕೇ ಭಾನುವಾರ ಬೆಳಗ್ಗೆ ಬೆಳಗ್ಗೆಯೇ ಖಾಲಿ ಆಫೀಸಿಗೆ ಬಂದು ಕೂತಿದ್ದಳು. ಯಾವ ದೇಶದವನೋ ಒಬ್ಬ ಪುಣ್ಯಾತ್ಮ ಆ ಮೋಡೆಮ್ಮಿನ ಸಾಫ್ಟ್‌ವೇರಿಗೆ ಎಂದೋ ಬರೆದಿಟ್ಟ ತಿದ್ದುಪಡಿ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಒಂದು ತಪ್ಪು ಸರಿಮಾಡಿದರೆ ನಾಲ್ಕು ತಪ್ಪು ಮೇಲೇಳುತ್ತಿದ್ದವು. ಮೂರು ಗಂಟೆಯ ಹೊತ್ತಿಗೆ, ಇವಳು ಕೊಟ್ಟ ಆಜ್ಞೆಗೆ ಮೋಡೆಮ್ ಮೊಟ್ಟಮೊದಲ ಸಲ ‘ಓಕೆ’ ಎಂದು ಉತ್ತರ ಕೊಟ್ಟಿತು. ಅವಳು ಒಬ್ಬಳೇ ಕೂತು ಅತ್ತುಬಿಟ್ಟಳು. ಬಸ್ಸು ಹತ್ತಿದ್ದರೆ ಅರ್ಧ ಗಂಟೆಯಲ್ಲಿ ಮನೆ, ಮನೆಯ ಫೋನ್ ಲೈನು. ಆದರೆ ಡಯಲ್ ಟೋನ್ ಒಂದು ಕೇಳಿಬಿಡೋಣ ಅನ್ನಿಸಿತು, ಕೈ ತಡೆಯಲಿಲ್ಲ. ಸಾಕೆಟ್ಟು ಮುಂದೆಯೇ ಇತ್ತು. ಚೀಟಿ ಕಣ್ಣಿಗೆ ಬಿದ್ದದ್ದು ಚಟ್ ಅಂದ ಮೇಲೆ.

ಮನೆಗೆ ಬಂದಾಗ ನಾಲ್ಕಕ್ಕೆ ಹತ್ತು ನಿಮಿಷ. ಅಪ್ಪ ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಮೇಜಿನ ಮುಂದೆ ಕನ್ನಡಕ ಒರೆಸುತ್ತ ಕೂತಿದ್ದ. ಲ್ಯಾಪ್‌ಟಾಪು ಇಡಲಿಕ್ಕೆ ಜಾಗ ಮಾಡಿಟ್ಟಿದ್ದ. ಅವಳು ನೋಟ್‌ಬುಕ್ಕು ಎಳೆದುಕೊಂಡು ಬರೆದಳು: ‘ಮೋಡೆಮ್ ಸುಟ್ಟುಹೋಯ್ತು. ನಾನೇ ಸುಟ್ಟೆ.’ ಅಪ್ಪ ಎರಡು ಸಲ ಓದಿದ. “ಹೋಗ್ಲಿ ಬಿಡು,” ಅಂದ, ಕಿವಿ ಕೇಳದವರ ಆ ಎತ್ತರದ ದನಿಯಲ್ಲಿ. ಅಂದವನು ಮೇಜು ಬಿಟ್ಟು ಏಳಲಿಲ್ಲ. ಒಂದೆರಡು ಮಾತು ಬೈದಿದ್ದರೆ ಅವಳ ಜೀವಕ್ಕೆ ಹಗುರವಾಗುತ್ತಿತ್ತು.

ನಾಲ್ಕೂ ಹತ್ತಕ್ಕೆ ಫೋನು ಹೊಡೆದುಕೊಂಡಿತು. ದೊಡ್ಡಮ್ಮ ಇರಬೇಕೆಂದು, ಏನು ಕೇಳಬೇಕಾಗುತ್ತದೋ ಎಂದು ಹೆದರುತ್ತಲೇ ಎತ್ತಿದಳು. ಮಾತಿಲ್ಲ. ಪೀಪ್. ಸ್ವಲ್ಪ ಬಿಟ್ಟು ಮತ್ತೆ ಪೀಪ್. ಇಷ್ಟು ವರ್ಷ ಡಯಲ್ ಮಾಡುತ್ತಿದ್ದವನು ಅಪ್ಪ. ಇವತ್ತು ದೊಡ್ಡಪ್ಪ ತಾನೇ ಹಾಸಿಗೆಯಿಂದೆದ್ದು ಮಾಡಿದ್ದಾನೆ. ಅವನ ಕಂಪ್ಯೂಟರು ಇಲ್ಲಿಯ ಮೋಡೆಮ್ಮನ್ನು ಕೂಗಿ ಕರೆಯುತ್ತಿದೆ. ಉತ್ತರ ಕೊಡಬೇಕಾದ್ದು ಅವಳ ಚೀಲದಲ್ಲಿ ಸುಟ್ಟು ಕೂತಿದೆ.

ಅಪ್ಪ ಅವಳ ಮುಖ ನೋಡಿದ. ರಿಸೀವರು ಕಸಿದುಕೊಂಡ.

“ಅಣ್ಣಾ, ನಾನು ಕಣೋ. ಇಲ್ಲೇ ಇದ್ದೀನಿ. ಹೇಳು,” ಅಂದ. ಅಂದು ಕೇಳಿಸಿಕೊಳ್ಳುವವನ ಹಾಗೆ ಕಿವಿಗೆ ಒತ್ತಿ ಹಿಡಿದುಕೊಂಡ. ಅವಳೂ ತಲೆ ತಾಗಿಸಿ ನಿಂತಳು. ಪೀಪ್. ಪೀಪ್. ಅಪ್ಪ ನಡುನಡುವೆ ತಲೆಯಾಡಿಸಿದ, ಒಂದು ಸಲ ಹ್ಞೂಂ ಅಂದ. ಒಂದು ನಿಮಿಷವಾಗಿರಬೇಕು, ಪೀಪ್ ನಿಂತಿತು, ಲೈನು ಕಟ್ಟಾಯಿತು. ಅದು ಗೊತ್ತಾಗದೆ ಅಪ್ಪ ಇನ್ನೂ ಅಷ್ಟು ಹೊತ್ತು ಹಿಡಿದುಕೊಂಡೇ ಇದ್ದ. ಕೊನೆಗೆ ಅವಳೇ ಅದನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿ ಕೆಳಗಿಟ್ಟಳು.

ಅಪ್ಪ ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತೆಗೆದ. ಅದನ್ನೂ ಪೆನ್ನನ್ನೂ ಅವಳ ಕಡೆ ಸರಿಸಿ, ಕನ್ನಡಕ ಹಾಕಿಕೊಂಡ.

“ಅಣ್ಣ ಏನಂದ?”